ಮೂತಿಯ ಕಡ್ಡಿ

ನಾನು ಇವರ ಹಿಂದೆ ಹೋಗುವವನು.
ರಬ್ಬರ್ ದೋಣಿ, ಸುರುಳಿ ಹಗ್ಗ, ಫ್ಲಾಸ್ಕಿನಲ್ಲಿ ಕಾಫಿ.
ಇಪ್ಪತ್ತೆಂಟು ವರ್ಷ ಸಿಂಪಿ ಬಾಚಿದ ಕೈಗೆ
ಈಗ ಕಿಬೆರೋನ್ ಕೊಲ್ಲಿಯಲ್ಲಿ
ಬಿದ್ದವರನ್ನು ಎತ್ತುವ ಕೆಲಸ.

ಅಜೀಲಿಸಳ ದೋಣಿ ಗಾಳಿ ಸಿಕ್ಕೊಡನೆ
ಅಡಿಯ ರೆಕ್ಕೆ ಊರಿ ನೀರು ಬಿಟ್ಟೇಳುತ್ತದೆ,
ಸದ್ದಿಲ್ಲದೆ. ಅದೇ ನನಗೆ ಒಗ್ಗುವುದಿಲ್ಲ:
ದೋಣಿಯೆಂದರೆ ತಳಕ್ಕೆ ನೀರು ಬಡಿಯುವ ಮಾತು,
ಇದು ಮಾತು ಬಿಟ್ಟ ದೋಣಿ.

ಮೂತಿಯಿಂದ ಒಂದು ಕಡ್ಡಿ ಜೋತಿದೆ.
ಹಾಲು ಕಾದಿತೇ ಎಂದು ಬೆರಳದ್ದಿದ ಹಾಗೆ
ನೀರು ಮುಟ್ಟಿ ಮುಟ್ಟಿ ನೋಡುತ್ತದೆ,
ಎತ್ತರವಾಯಿತೋ, ತಗ್ಗಿತೋ,
ಸರಿಗೆ ಎಳೆದು ರೆಕ್ಕೆಯ ಅಂಚಿಗೆ ಹೇಳಿ ಕಳಿಸುತ್ತದೆ.
ಕೊಲ್ಲಿ ಮಟ್ಟಸವಿದ್ದ ದಿನ ಇಷ್ಟೇ ಸಾಕು.

ಆದರೆ ಅಲೆ.

ಅಲೆಗೆ ಎದುರು ಹೋಗುವುದೇ ವಾಸಿ.
ಹಲ್ಲು ಕಟಕಟ ಅನ್ನುತ್ತದೆ, ಕಡ್ಡಿ ಕುಣಿಯುತ್ತದೆ,
ಆದರೂ ಆ ಏರಿನಲ್ಲಿ ನೀರೂ ಏರುತ್ತಿರುತ್ತದೆ,
ನಿನ್ನನ್ನೂ ಎತ್ತಿಕೊಳ್ಳುತ್ತದೆ.
ಮೋಸವೆಲ್ಲ ಗಾಳಿಯ ಜೊತೆ ಹೋಗುವಾಗ,
ಅಲೆಗಿಂತ ಬೇಗ ಓಡಿ ಅದರ ಬೆನ್ನು ಹತ್ತುವಾಗ:
ಹತ್ತಬೇಕಾದಲ್ಲಿ ನೀರು ಇಳಿಯುತ್ತಿರುತ್ತದೆ,
ನೆತ್ತಿ ದಾಟಿ ಇಳಿಯಬೇಕಾದಲ್ಲಿ
ಅದೇ ನೀರು ಕೆಳಗಿಂದ ನೂಕುತ್ತದೆ.
ರೆಕ್ಕೆ ಹೊರಬಂದು ಗಾಳಿ ಕುಡಿಯುತ್ತದೆ.
ಗಾಳಿ ಕುಡಿದ ರೆಕ್ಕೆ ರೆಕ್ಕೆಯಲ್ಲ, ತಗಡು.
ಮೂತಿ ಕುಕ್ಕುತ್ತದೆ. ಹುಡುಗಿ ಹಾರುತ್ತಾಳೆ
ಹಾಯಿಯ ಆಚೆಗೆ, ಒಮ್ಮೆ ಹಾಯಿಯನ್ನೇ ಹರಿದುಕೊಂಡು.

ಕಡ್ಡಿಯ ತಪ್ಪೇನಿಲ್ಲ.
ಅದು ಮುಟ್ಟಿದ್ದು ನೀರಿನ ಮೈಯನ್ನು.
ನೀರಿನ ಮನಸ್ಸು ಅರ್ಧ ಮಾರು ಕೆಳಗಿತ್ತು.

ಇವತ್ತು ಇಳಿತದ ನೀರು, ಎದುರು ಗಾಳಿ,
ಗಿಡ್ಡ ಗಿಡ್ಡ ಕಡಿದಾದ ಅಲೆ. ಏಳು ಸಲ ಬಿದ್ದಳು.
ನನ್ನ ದೋಣಿಯ ಅಂಚಿಗೆ ಒರಗಿ
ನೀಲಿ ತುಟಿಯಲ್ಲೇ ನಕ್ಕು, ಸ್ಕ್ರೂ ತಿರುಗಿಸಿ
ಕಡ್ಡಿಯನ್ನು ಎರಡು ಬೆರಳು ಮೋಟು ಮಾಡಿದಳು:
'ತಗ್ಗಿ ಹಾರುತ್ತೇನೆ. ನೆತ್ತಿಗೆ ಮುನ್ನವೇ
ಮೈ ಮುಂದಕ್ಕೆ ಚೆಲ್ಲುತ್ತೇನೆ.'
ಮುನ್ನ ಅಂದರೆ ಎಷ್ಟು ಮುನ್ನ? ನಾನು ಕೇಳಿದೆ.
'ಪಾದ ಹಗುರಾಗುತ್ತದೆ, ಗ್ವೆನಾಯೆಲ್.
ಹಗುರಾಯಿತು ಅನ್ನಿಸಿದರೆ ತಡವಾಯಿತು ಅಂತ.'

ಹೋದಳು. ಒಂದು ಅಲೆ, ಎರಡು,
ಮೂರನೆಯದರ ಮೇಲೆ ಕೊಂಚ ತೊನೆದು, ತಡೆದು,
ನಾಲ್ಕು. ಐದರ ಹಿಂದೆ ಮರೆಯಾದಳು.
ನನ್ನ ದೋಣಿ ಹೊಟ್ಟೆ ಬಡಿದುಕೊಳ್ಳುತ್ತಿತ್ತು, ಧಪ್ ಧಪ್,
ಭಾರವಿದ್ದವರ ಹಳೆಯ ಸುಖ.
ಹಾಯಿ ಕಾಣಿಸಿತೇ? ನೊರೆಯೇ?
ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ
ಎಂಜಿನ್ನಿನ ಹಗ್ಗಕ್ಕೆ ಕೈ ಹಾಕಿದೆ.