ಅರ್ಧ ಸ್ಟ್ರಿಪ್

ಕತ್ತರಿಸಿ ಕೊಟ್ಟಿದ್ದು ನಾನೇ.
ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನ ಎದುರು ನಮ್ಮ ಮೆಡಿಕಲ್ಲು.
ಹಲ್ಲುನೋವು ಅಂದಳು ಖೈರುನಬಿ,
ಹುಬ್ಬಿನ ಮೇಲೆ ಭಟ್ಟಿಯ ಬೂದಿ ಹಾಗೇ ಇತ್ತು.
ಚೀಟಿ ಕೇಳಲಿಲ್ಲ ನಾನು. "ಡಾಕ್ಟ್ರೇ" ಅಂತ ಕರೆದಳಲ್ಲ,
ಅಷ್ಟಕ್ಕೇ ಉಬ್ಬಿಹೋದೆ
ಕಾದ ಮರಳಿಗೆ ಬಿದ್ದ ಅಕ್ಕಿ.

ಹನ್ನೊಂದನೇ ದಿನ ಮತ್ತೆ ಬಂದಳು, ಗೋಡೆ ಹಿಡಿದು.
ನಿನ್ನೆಯಿಂದ ಹದಿನಾಲ್ಕು ಸಲವಂತೆ,
ಹೊಟ್ಟೆ ಹಿಂಡುತ್ತದಂತೆ, ಮೈ ಸುಡುತ್ತದಂತೆ.
"ಕಟ್ಟಂಗೆ ಒಂದು ಗುಳಿಗಿ ಕೊಡ್ರಿ, ಭಟ್ಟಿಗೆ ಹೋಗ್ಬೇಕು."

ಕೈ ಡಬ್ಬಿಯ ತನಕ ಹೋಗಿ ನಿಂತಿತು.
ಒಳಗೆ ಬೆಂಕಿ ಬಿದ್ದ ಮನೆಗೆ
ಹೊರಗಿನಿಂದ ಚಿಲಕ ಹಾಕಿದಂತೆ ಆ ಗುಳಿಗೆ.
ಓಆರ್‌ಎಸ್ ಕಲಸಿ ಕುಡಿಸಿದೆ, ಆಟೋ ಹತ್ತಿಸಿದೆ.
ಕ್ಯಾಪ್ಸೂಲಿನ ಹೆಸರು ಬರೆದು
ಅವಳ ಮುಷ್ಟಿಯಲ್ಲಿಟ್ಟೆ, ನನ್ನ ತಪ್ಪಿಗೆ ನಾನೇ ಬರೆದ ಚೀಟಿ:
"ಮೊದಲು ಇದನ್ನ ತೋರ್ಸಮ್ಮ. ಉಳಿದಿದ್ದು ನುಂಗಬ್ಯಾಡ."

ವಾರ್ಡಿನಲ್ಲಿ ಅವಳಿಗೆ ಬೇರೆ ಕೋಣೆ, ಬೇರೆ ಕಕ್ಕಸು.
ಬಾಗಿಲಲ್ಲಿ ಸ್ಯಾನಿಟೈಸರ್ ಒತ್ತಹೋದೆ.
ಸಿಸ್ಟರ್ ಗದರಿದರು:
"ಇದು ಅದಕ್ಕೆಲ್ಲ ಸಾಯಲ್ಲ. ಸೋಪು ಹಚ್ರಿ, ನಲ್ಲಿ ಬಿಡ್ರಿ, ಉಜ್ರಿ."
ಉಜ್ಜಿದೆ. ಬೆರಳಸಂದಿ, ಉಗುರು,
ಕತ್ತರಿ ಹಿಡಿಯುವ ಹೆಬ್ಬೆರಳು.
ಅದನ್ನು ಇನ್ನೊಂದು ಸಲ.

ಮುಂದಿನ ತಿಂಗಳು ಸೆರಗಿನಲ್ಲಿ ಬಿಸಿ ಮಂಡಕ್ಕಿ ತಂದಳು.
"ತಗೊಳ್ರಿ ಡಾಕ್ಟ್ರೇ."
ನಾನು ಡಾಕ್ಟ್ರಲ್ಲ, ಅಂದೆ. ಮೊದಲ ಸಲ ಅಂದೆ.
ನಕ್ಕಳು.
ಆ ಹಲ್ಲಿನ ಜಾಗ ಖಾಲಿ.
ಕಿತ್ತಿದ್ದರೆ ಸಾಕಿತ್ತಂತೆ.