ಶನಿವಾರದ ಊಟ

ಗಂಗಾವತಿಯ ಪತ್ರಕರ್ತರ ಭವನದ ಕರಿಹಲಗೆಯ ಮೇಲೆ
ಖಾಜಾಹುಸೇನ ಸೀಮೆಸುಣ್ಣದಲ್ಲಿ ಬರೆದಿದ್ದಾನೆ:
ಬುಧವಾರ ಕೇರಂ ಪಂದ್ಯ.
ಶುಕ್ರವಾರ, ಹಿಂದೆ ಮೊಳೆ ಜೋಡಿಸುತ್ತಿದ್ದವರಿಗೆ ಶಾಲು, ಚಹಾ.
ಶನಿವಾರ ರಾತ್ರಿ ಎಂಟಕ್ಕೆ ಊಟ,
ಸದಸ್ಯರಿಗೆ, ಮನೆಯವರಿಗೆ ಮಾತ್ರ.

ಊಟ ಯಾರ ಕಡೆಯಿಂದ?
ಅಲ್ಲೊಂದು ಸಾಲಿತ್ತು, ಯಾರೋ ಅಂಗೈಯಲ್ಲಿ ಒರೆಸಿದ್ದಾರೆ.
ಒರೆಸಿದ್ದು ಇನ್ನೂ ಬೆಳ್ಳಗಿದೆ,
ಓದಲು ಬರುತ್ತದೆ.

ಹೋದ ತಿಂಗಳು ನಾನೇ ಬರೆದಿದ್ದೆ, ಮೂರು ಕಾಲಮ್ಮು:
ಆ ಮಿಲ್ಲಿನ ಹೊಟ್ಟಿನ ಬೂದಿ
ಹಿರೇಜಂತಕಲ್ಲಿನ ಒಣಹಾಕಿದ ಬಟ್ಟೆಯ ಮೇಲೆ,
ಹಾಲಿನ ಗಿಂಡಿಯಲ್ಲಿ,
ದುರುಗಮ್ಮನ ಎಡಗಣ್ಣಿನಲ್ಲಿ.
ಅಚ್ಚಾದದ್ದು ಒಂದೇ ಕಾಲಮ್ಮು,
ಕಣ್ಣು ಬಿಟ್ಟು.

‘ಬರ್ತೀಯಲ್ಲ?’ ಕಾರ್ಯದರ್ಶಿ ಅಮರೇಗೌಡ್ರು
ಹೆಗಲ ಮೇಲೆ ಕೈಯಿಟ್ಟರು.
‘ಅಕ್ಕಿ ಭಾಳ ಚಲೋ ಐತಿ, ಹಳೇ ಸೋನಾ.’

ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ
ಎರಡು ತಲೆ ಎಂದು ಬರೆದೆ.
ನಾನು ಒಂಟಿಯೆಂದು ಬಲ್ಲ ಖಾಜಾಹುಸೇನ
ಹುಬ್ಬೇರಿಸಿದ, ಕೇಳಲಿಲ್ಲ,
ಎಲೆಯೊಂದು ಹೆಚ್ಚು ಹಿಡಿದ.

ಹೊರಗೆ ಬಂದು ದುರುಗಮ್ಮನಿಗೆ ಫೋನು ಹಚ್ಚಿದೆ:
‘ಶನಿವಾರ ಸಂಜಿಕ ಬಿಡುವೈತೇನಬೇ?’