ಋಣ ಒಂದು

ಕೂಬರ್ ಪೀಡಿಯ ಆಸ್ಪತ್ರೆಯ ಉಗ್ರಾಣ
ಬಂಡೆಯ ಹೊಟ್ಟೆಯೊಳಗೆ; ಅಲ್ಲಿಗೆ ಸಿಗ್ನಲ್ ಇಳಿಯದು.
ಅದಕ್ಕೇ ಆ್ಯಪಿಗೆ ಕಲಿಸಿದೆ:
ಎಣಿಸಿದ್ದನ್ನು ಮಡಿಲಲ್ಲಿ ಕಟ್ಟಿಕೋ,
ಮೇಲೆ ಬಿಸಿಲಿಗೆ ಬಂದಾಗ ಒಪ್ಪಿಸು.

ಡ್ರಾಗಿತ್ಸಾ ಅಂಗೈ ಮೇಲಿನ ಪೆನ್ನಿನ ಲೆಕ್ಕವನ್ನು
ಎಂಜಲು ಹಚ್ಚಿ ಒರೆಸಿ
ಫೋನು ಹಿಡಿದಳು.

ಮೊದಲ ವಾರವೇ ಎಡವಟ್ಟು.
ಸಲೈನ್ ಚೀಲ: ಋಣ ಒಂದು.
ಉಳಿದಿದ್ದ ಒಂದೇ ಚೀಲವನ್ನು
ಕತ್ತಲಲ್ಲಿ ಎರಡು ಫೋನೂ ಕೊಟ್ಟಿದ್ದವು.

ಸೊನ್ನೆಯ ಕೆಳಗೆ ಇಳಿಯದಂತೆ
ಒಂದು ಸಾಲು ಬರೆಯಲು ಕೂತೆ.
"ಅಳಿಸಬೇಡ," ಅಂದಳು.
"ಎರಡನೆಯದು ವಿಮಾನದ ಡಾಕ್ಟರ ಪೆಟ್ಟಿಗೆಯಿಂದ
ಕಡ ತಂದದ್ದು. ಹಾಕಿಸಿಕೊಂಡವನು
ನಿನ್ನೆ ಎದ್ದು ಕೂತು ಸಿಗರೇಟು ಕೇಳಿದ."

ಹಾಗೇ ಬಿಟ್ಟಿದ್ದೇನೆ, ಕೆಂಪಕ್ಷರದಲ್ಲಿ.
ಅಡಿಲೇಡಿನ ಲಾರಿ ಗುರುವಾರ ಬರುತ್ತದೆ.